ನುಡಿಮುತ್ತು ಕೊಟ್ಟಿರಿ, ಮಾಡುವ ಕ್ರಮವನ್ನೂ ಕೊಡಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಪತ್ರಿಕೆಯ ಮೂಲೆಯಲ್ಲಿ ದಿನವೂ ಬರುವ ನುಡಿಮುತ್ತನ್ನು ಮುಂಬಯಿಯ ಕನ್ನಡಿಗರು ಓದುವುದಷ್ಟೇ ಅಲ್ಲ, ಫೋಟೊ ತೆಗೆದು ಬೆಳಗಿನ ಏಳು ಗಂಟೆಯೊಳಗೆ ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಹಾಕಿಯೂ ಆಗಿರುತ್ತದೆ. ಸಾಕ್ರಟೀಸ್, ಅರಿಸ್ಟಾಟಲ್, ಬುದ್ಧ, ಬಸವಣ್ಣ ಎಲ್ಲರೂ ಗುಡ್ ಮಾರ್ನಿಂಗ್ ಗುಲಾಬಿಯ ಪಕ್ಕದಲ್ಲಿ ಒಮ್ಮೆ ಕಾಣಿಸಿಕೊಂಡು ಹೋಗುತ್ತಾರೆ. ಓದಿದವರು ಕೈಮುಗಿದ ಚಿತ್ರ ಒತ್ತುತ್ತಾರೆ. ಗಂಟೆಯೊಪ್ಪತ್ತಿನಲ್ಲಿ ಅದೇ ಜನ ಫಾಸ್ಟ್ ಲೋಕಲ್‌ನ ಬಾಗಿಲಲ್ಲಿ ಮೊಣಕೈ ತಾಗಿತೆಂದು ಜಗಳಕ್ಕೆ ನಿಲ್ಲುತ್ತಾರೆ. ತಪ್ಪು ಓದುಗರದಲ್ಲ. ಆ ತತ್ತ್ವಜ್ಞಾನಿಗಳು ಬಿಟ್ಟುಹೋದದ್ದು ಅಭ್ಯಾಸಗಳನ್ನು. ಯಾವ ಹೊತ್ತಿನಲ್ಲಿ, ಎಷ್ಟು ದಿನ, ಯಾವ ಪ್ರಶ್ನೆ ಕೇಳಿಕೊಳ್ಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವರ ಸಮೇತ. ನಾವು ಅದರಿಂದ ಒಂದು ವಾಕ್ಯ ಕಿತ್ತು ಚೌಕಟ್ಟು ಹಾಕಿ ಕೂತಿದ್ದೇವೆ. ವೈದ್ಯರ ಚೀಟಿಯಲ್ಲಿ ಮಾತ್ರೆಯ ಹೆಸರನ್ನು ಇಟ್ಟುಕೊಂಡು ‘ಊಟದ ನಂತರ, ದಿನಕ್ಕೆರಡು, ಐದು ದಿನ’ ಎಂಬ ಭಾಗವನ್ನು ಹರಿದು ಎಸೆದ ಹಾಗೆ.

ಮೊದಲು ಪತ್ರಿಕೆಯಿಂದ ಆಗಬೇಕಾದ ಕೆಲಸ ಹೇಳಿಬಿಡುತ್ತೇವೆ. ನುಡಿಯ ಕೆಳಗೆ ಹೆಸರಿನೊಂದಿಗೆ ಅದು ಬರುವ ಗ್ರಂಥ, ಅಧ್ಯಾಯ, ಸಂಖ್ಯೆ ಹಾಕಿ. ಪ್ಲೇಟೋನ ಯಾವ ಮುದ್ರಣ ತೆರೆದರೂ ಅಂಚಿನಲ್ಲಿ 1578ರ ಸ್ಟೆಫಾನಸ್ ಆವೃತ್ತಿಯ ಪುಟಸಂಖ್ಯೆ ಇರುತ್ತದೆ; ಅರಿಸ್ಟಾಟಲನಿಗೆ 1831ರ ಬೆಕ್ಕರ್ ಆವೃತ್ತಿಯ ಸಂಖ್ಯೆ. ಗೀತೆಗೆ ಅಧ್ಯಾಯ, ಶ್ಲೋಕ, ಯೋಗಸೂತ್ರಕ್ಕೆ ಪಾದ, ಸೂತ್ರ, ವಚನಕ್ಕಾದರೆ ಅಂಕಿತ. ಇಷ್ಟು ಅನುಕೂಲ ಇದ್ದೂ ಸಂಖ್ಯೆಯಿಲ್ಲದೆ ಓಡಾಡುವ ಮಾತನ್ನು ಅನುಮಾನಿಸಲೇಬೇಕು. ‘ನಾವು ಪದೇಪದೇ ಮಾಡುವುದೇ ನಾವು, ಶ್ರೇಷ್ಠತೆ ಒಂದು ಕೃತ್ಯವಲ್ಲ, ಅಭ್ಯಾಸ’ ಎಂಬುದು ಅರಿಸ್ಟಾಟಲನ ಹೆಸರಿನಲ್ಲಿ ಎಲ್ಲೆಡೆ ಸುತ್ತುತ್ತದೆ. ಅದು ವಿಲ್ ಡ್ಯುರಾಂಟ್ ಎಂಬ ಅಮೆರಿಕದ ಲೇಖಕರು 1926ರ ಪುಸ್ತಕದಲ್ಲಿ ಅರಿಸ್ಟಾಟಲನನ್ನು ವಿವರಿಸುತ್ತ ತಾವೇ ಬರೆದ ವಾಕ್ಯ. ‘ಎಲ್ಲರೊಡನೆ ದಯೆಯಿಂದಿರು, ಪ್ರತಿಯೊಬ್ಬರೂ ಒಂದು ಕಠಿಣ ಯುದ್ಧದಲ್ಲಿದ್ದಾರೆ’ ಎಂಬ ಮಾತು ಪ್ಲೇಟೋನ ಯಾವ ಸಂವಾದದಲ್ಲೂ ಇಲ್ಲ. ಮಾತು ಒಳ್ಳೆಯದೇ, ಯಜಮಾನ ಬೇರೆ. ಅರಿಸ್ಟಾಟಲ್ ನಿಜವಾಗಿ ಹೇಳಿದ್ದು ನಿಕೊಮಾಕಿಯನ್ ನೀತಿಶಾಸ್ತ್ರದ 2ನೇ ಪುಸ್ತಕದ 1ನೇ ಅಧ್ಯಾಯದಲ್ಲಿದೆ: ಮನೆ ಕಟ್ಟುತ್ತ ಕಟ್ಟುತ್ತ ಮೇಸ್ತ್ರಿಯಾಗುತ್ತಾರೆ, ನ್ಯಾಯದ ಕೆಲಸ ಮಾಡುತ್ತ ಮಾಡುತ್ತ ನ್ಯಾಯವಂತರಾಗುತ್ತಾರೆ. ಮೇಸ್ತ್ರಿಗೆ ಇಂದು ಯಾವ ಗೋಡೆ, ಎಷ್ಟು ಸಾಲು ಇಟ್ಟಿಗೆ ಎಂಬುದು ಗೊತ್ತಿರಬೇಕಲ್ಲ, ಆ ಲೆಕ್ಕಕ್ಕೇ ಈ ಪತ್ರ.

ಲೋಕಲ್ ರೈಲಿನಿಂದಲೇ ಶುರುಮಾಡೋಣ, ಏಕೆಂದರೆ ಈ ಊರಿನಲ್ಲಿ ಮನಸ್ಸು ಕೆಡುವುದು ಮೊದಲು ಅಲ್ಲಿ. ಎಪಿಕ್ಟೀಟಸ್ ಕ್ರಿ.ಶ. ಒಂದನೆಯ ಶತಮಾನದಲ್ಲಿ ಗುಲಾಮನಾಗಿದ್ದು ಆಮೇಲೆ ಬಿಡುಗಡೆಯಾಗಿ ನಿಕೊಪೊಲಿಸ್‌ನಲ್ಲಿ ಪಾಠ ಹೇಳಿದವನು. ತಾನಾಗಿ ಏನನ್ನೂ ಬರೆದವನಲ್ಲ. ಶಿಷ್ಯ ಅರಿಯನ್ ಬರೆದಿಟ್ಟದ್ದು ನಮಗೆ ಉಳಿದಿದೆ. ಅವನ ಕೈಪಿಡಿಯ 4ನೇ ಅಧ್ಯಾಯ ಸಾರ್ವಜನಿಕ ಸ್ನಾನಗೃಹದ ಬಗ್ಗೆ. ಹೊರಡುವ ಮೊದಲು ಅಲ್ಲಿ ಏನೇನಾಗುತ್ತದೆಂದು ನೆನೆಸಿಕೋ ಎನ್ನುತ್ತಾನೆ: ನೀರೆರಚುವವರು, ತಳ್ಳುವವರು, ಬಯ್ಯುವವರು, ಕದಿಯುವವರು. ‘ನನಗೆ ಸ್ನಾನವೂ ಆಗಬೇಕು, ನನ್ನ ಮನಸ್ಸೂ ನೆಟ್ಟಗಿರಬೇಕು’ ಎಂದುಕೊಂಡು ಹೊರಡು ಎನ್ನುತ್ತಾನೆ. ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ಲೋಕಲ್‌ನಲ್ಲಿ ಹೋಗುವವರಿಗೆ ಇದರಲ್ಲಿ ಬದಲಿಸಬೇಕಾದ್ದು ಒಂದೇ, ನೀರು. ಅದೂ ಮಳೆಗಾಲದಲ್ಲಿ ಬೇಕಿಲ್ಲ.

ಈ ಮುನ್ನೆಣಿಕೆ ಮಾಡುವ ಕ್ರಮ ಹೀಗೆ. ಜಾಗ: ಚಪ್ಪಲಿ ಮೆಟ್ಟಿಕೊಂಡ ಮೇಲೆ ಮನೆಯ ಹೊಸ್ತಿಲು. ಪ್ಲಾಟ್‌ಫಾರ್ಮ್ ಮುಟ್ಟಿದ ಮೇಲೆ ಮಾಡಿದರೆ ತಡವಾಯಿತು, ಅಷ್ಟರಲ್ಲಿ ಸಿಟ್ಟು ಬಂದಿರುತ್ತದೆ. ಹೊತ್ತು: ಲಿಫ್ಟ್ ಇಳಿಯುವಷ್ಟು. ನೆನೆಸಿಕೊಳ್ಳಬೇಕಾದ್ದು ನಾಲ್ಕೇ ಸಂಗತಿ, ಆದರೆ ಖಚಿತವಾಗಿ: ಸ್ಟೇಷನ್ನಿನ ಇಂಡಿಕೇಟರ್ ಫಲಕ ಕೊನೆ ಗಳಿಗೆಯಲ್ಲಿ ಬದಲಾಗಬಹುದು, ಮೂವರ ಬೆಂಚಿನಲ್ಲಿ ನಾಲ್ಕನೆಯವರು ಅರ್ಧ ಕುಂಡೆ ಊರಿ ಕುಳಿತು ನಿಮ್ಮನ್ನು ಕಿಟಕಿಗೆ ಒತ್ತಬಹುದು, ಒಬ್ಬರು ಇಯರ್‌ಫೋನ್ ಇಲ್ಲದೆ ರೀಲ್ಸ್ ಹಚ್ಚಬಹುದು, ಠಾಣೆ ದಾಟಿ ಗಾಡಿ ಸಿಗ್ನಲ್‌ಗೆ ನಿಲ್ಲಬಹುದು. ಆಮೇಲೆ ಒಂದು ವಾಕ್ಯ, ಎರಡು ಗುರಿ: ‘ಆಫೀಸಿಗೂ ಮುಟ್ಟಬೇಕು, ಮನಸ್ಸನ್ನೂ ಕೆಡಿಸಿಕೊಳ್ಳಬಾರದು.’ ರೀಲ್ಸ್ ಶುರುವಾದ ಕ್ಷಣ ಎರಡನೆಯ ಗುರಿ ನೆನಪಿಗೆ ಬಂದರೆ ಅಭ್ಯಾಸ ಹಿಡಿದಿದೆ ಎಂದು ಲೆಕ್ಕ.

ಕೆಡುವುದು ಮೂರು ಕಡೆ. ‘ಇವತ್ತೂ ಇದೇ ಹಾಡು, ಈ ಊರೇ ಸರಿಯಿಲ್ಲ’ ಎಂದುಕೊಂಡು ಇಳಿದರೆ ಅದು ಬರೀ ಗೊಣಗಾಟ, ಮುನ್ನೆಣಿಕೆಯಲ್ಲ; ಸಂಗತಿ ನಿರ್ದಿಷ್ಟವಾಗಿರಬೇಕು. ಇನ್ನು ಕೆಲವರು ರಾತ್ರಿ ಹಾಸಿಗೆಯಲ್ಲಿ ಮಲಗಿ ನಾಳೆಯ ಐವತ್ತು ಅನಾಹುತಗಳನ್ನು ಎಣಿಸುತ್ತಾರೆ. ಅದು ಚಿಂತೆ. ಮುನ್ನೆಣಿಕೆಗೆ ಒಂದು ಪ್ರಯಾಣ, ನಾಲ್ಕು ಸಂಗತಿ, ಎರಡು ನಿಮಿಷ, ಅಷ್ಟೇ ಬೇಲಿ. ಮೂರನೆಯದು ತಾಳ್ಮೆ ಮತ್ತು ಹುಂಬತನ ಎರಡನ್ನೂ ಒಂದೇ ಮಾಡಿಕೊಳ್ಳುವುದು. ಬಾಗಿಲಲ್ಲಿ ಜೋತಾಡಿಕೊಂಡು ಹೋಗು ಎಂದು ಎಪಿಕ್ಟೀಟಸ್ ಎಲ್ಲೂ ಹೇಳಿಲ್ಲ. ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಕಾಯುವುದು ಅವನ ಪಾಠಕ್ಕೆ ಹೆಚ್ಚು ಹತ್ತಿರ.

ಇದೇ ಅಭ್ಯಾಸವನ್ನು ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ತನಗಾಗಿ ಗ್ರೀಕ್ ಭಾಷೆಯಲ್ಲಿ ಬರೆದುಕೊಂಡ ಟಿಪ್ಪಣಿಗಳ 2ನೇ ಪುಸ್ತಕದ ಮೊದಲಲ್ಲಿ ಕಾಣಬಹುದು: ಇಂದು ನನಗೆ ಮೂಗು ತೂರಿಸುವವರು, ಉಪಕಾರಗೇಡಿಗಳು, ಸೊಕ್ಕಿನವರು ಎದುರಾಗುತ್ತಾರೆ ಎಂದು ಬೆಳಗ್ಗೆಯೇ ಹೇಳಿಕೋ. ನುಡಿಮುತ್ತಿನಲ್ಲಿ ಬರುವುದು ಇಷ್ಟೇ ಭಾಗ. ಓದಿದವರು ಆಫೀಸಿನ ಯಾರು ಯಾರು ಈ ಪಟ್ಟಿಗೆ ಸೇರುತ್ತಾರೆಂದು ಖುಷಿಯಿಂದ ಗುರುತು ಹಾಕಿಕೊಳ್ಳುತ್ತಾರೆ. ಮುಂದಿನ ಅರ್ಧವೇ ಅಲ್ಲಿ ಮುಖ್ಯ: ಅವರೂ ನನ್ನ ಬಂಧುಗಳು; ಎರಡು ಪಾದ, ಎರಡು ಕೈ, ಎರಡು ರೆಪ್ಪೆ, ಮೇಲಿನ ಕೆಳಗಿನ ಹಲ್ಲಿನ ಸಾಲು ಇರುವ ಹಾಗೆ ನಾವು ಕೂಡಿ ಕೆಲಸ ಮಾಡಲು ಹುಟ್ಟಿದವರು. ಮೊದಲರ್ಧ ಮಾತ್ರ ಮಾಡಿದರೆ ಫಲ ತಿರುಗುಮುರುಗಾಗುತ್ತದೆ, ಎದುರು ಬಂದವರೆಲ್ಲ ಶತ್ರುಗಳಾಗಿ ಕಾಣುತ್ತಾರೆ.

‘ನಮ್ಮ ಕೈಯಲ್ಲಿರುವುದು, ಇಲ್ಲದಿರುವುದು’ ಎಂಬ ವಿಂಗಡಣೆ ಈಗ ಬಹಳ ಚಲಾವಣೆಯಲ್ಲಿದೆ. ಕೈಪಿಡಿಯ 1ನೇ ಅಧ್ಯಾಯದ ಪಟ್ಟಿ ತುಂಬ ಬಿಗಿ: ನಮ್ಮದು ಎಂದರೆ ಅಭಿಪ್ರಾಯ, ಕೆಲಸಕ್ಕೆ ಮುಂದಾಗುವುದು, ಬಯಕೆ, ಒಲ್ಲೆನ್ನುವುದು. ನಮ್ಮದಲ್ಲದ್ದು ಶರೀರ, ಆಸ್ತಿ, ಹೆಸರು, ಪದವಿ. ಇದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ನಮ್ಮವರು ‘ಎಲ್ಲ ಹಣೆಬರಹ’ ಎಂದು ಕೈಚೆಲ್ಲಿ ಕೂರುವುದು ಸಾಮಾನ್ಯ. ಅದು ಪೂರ್ತಿ ಉಲ್ಟಾ. ಮೇಲಿನ ಫ್ಲ್ಯಾಟಿನ ಬಚ್ಚಲಿನಿಂದ ನಿಮ್ಮ ಛಾವಣಿಗೆ ನೀರು ಸೋರುತ್ತಿದೆ ಎನ್ನಿ. ಮುಂಬಯಿಯ ಯಾವ ಸೊಸೈಟಿಯಲ್ಲೂ ಸಿಗುವ ವ್ಯಾಜ್ಯ. ಮೇಲಿನವರು ಒಪ್ಪುತ್ತಾರೋ, ನಗುತ್ತಾ ಮಾತಾಡುತ್ತಾರೋ ಎಂಬುದು ನಿಮ್ಮದಲ್ಲ. ತಾರೀಕು ಕಾಣುವಂತೆ ಫೋಟೊ ತೆಗೆಯುವುದು, ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು ಇನ್‌ವರ್ಡ್ ಮುದ್ರೆ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳುವುದು, ಪ್ಲಂಬರ್‌ನಿಂದ ಎಲ್ಲಿಂದ ಸೋರಿಕೆ ಎಂದು ಬರೆಸಿಕೊಳ್ಳುವುದು, ಹದಿನೈದು ದಿನಕ್ಕೊಮ್ಮೆ ನೆನಪಿನ ಪತ್ರ: ಇವೆಲ್ಲ ನಿಮ್ಮದೇ. ರೋಮಿನ ವಾಗ್ಮಿ ಸಿಸೆರೊ ತನ್ನ ದೆ ಫಿನಿಬಸ್ ಗ್ರಂಥದ 3ನೇ ಪುಸ್ತಕದಲ್ಲಿ ಇದಕ್ಕೆ ಬಿಲ್ಲುಗಾರನನ್ನು ತಂದಿದ್ದಾನೆ. ನೆಟ್ಟಗೆ ಗುರಿಯಿಡಲು ಏನೇನು ಬೇಕೋ ಎಲ್ಲ ಮಾಡುವುದು ಅವನ ಕೆಲಸ. ಬಾಣ ತಾಗುವುದು ಅದರ ಮುಂದಿನ ಮಾತು. ಹತ್ತನೆಯ ತರಗತಿಯ ಮಕ್ಕಳಿಗೆ ‘ತೊಂಬತ್ತೈದು ತೆಗೆ’ ಎನ್ನುವ ಬದಲು ‘ಇವತ್ತು ಈ ಎರಡು ಪ್ರಶ್ನೆಪತ್ರಿಕೆ ಬಿಡಿಸು, ತಪ್ಪಿದ್ದನ್ನು ಬೇರೆ ವಹಿಯಲ್ಲಿ ಬರಿ’ ಎನ್ನುವ ತಂದೆತಾಯಿ ಸಿಸೆರೊನನ್ನು ಓದದೆಯೇ ಅವನನ್ನು ಅನುಸರಿಸುತ್ತಿದ್ದಾರೆ.

ಸಿಟ್ಟಿನ ವಿಷಯಕ್ಕೆ ಬಂದರೆ ಪ್ರಾಚೀನರಲ್ಲಿ ಸಾಮಗ್ರಿ ಬೇಕಾದಷ್ಟಿದೆ, ಜೊತೆಗೆ ದೊಡ್ಡ ಜಗಳವೂ ಇದೆ. ನುಡಿಮುತ್ತುಗಳು ಈ ಜಗಳವನ್ನು ಮುಚ್ಚಿಡುತ್ತವೆ. ಅರಿಸ್ಟಾಟಲನ ಪ್ರಕಾರ ಸಿಟ್ಟಾಗಬೇಕಾದ ಕಡೆ ಸಿಟ್ಟಾಗದಿರುವುದೂ ದೋಷವೇ. ರೋಮಿನ ತತ್ತ್ವಜ್ಞಾನಿ ಸೆನೆಕಾ ತನ್ನ ಸಿಟ್ಟಿನ ಕುರಿತಾದ ಗ್ರಂಥದಲ್ಲಿ ಅರಿಸ್ಟಾಟಲನ ಹೆಸರು ಹಿಡಿದೇ ಇದನ್ನು ಅಲ್ಲಗಳೆಯುತ್ತಾನೆ. ಅವನಿಗೆ ಸಿಟ್ಟಿನಲ್ಲಿ ಒಳ್ಳೆಯ ಪಾಲೆಂಬುದೇ ಇಲ್ಲ. ಇಬ್ಬರನ್ನೂ ಒಂದೇ ವಾರ ಅನುಸರಿಸಲು ಹೋದರೆ ಅನುಕೂಲಕ್ಕೆ ತಕ್ಕಂತೆ ಮಾತು ಬದಲಿಸುವುದಷ್ಟೇ ಆಗುತ್ತದೆ. ನಮ್ಮ ಅಭಿಪ್ರಾಯ ಇದು: ಕೈಕೆಳಗೆ ಜನ ಇರುವವರು, ಮಾಲೀಕರು, ಮ್ಯಾನೇಜರ್‌ಗಳು, ಮನೆಯಲ್ಲಿ ದನಿ ಎತ್ತಿದರೆ ಎದುರಾಡುವವರಿಲ್ಲದವರು ಸೆನೆಕಾನನ್ನು ಹಿಡಿಯಲಿ. ಎರಡು ತಿಂಗಳ ಸಂಬಳ ಬಾಕಿ ಇದ್ದರೂ ಬಾಯಿ ತೆರೆಯಲಾಗದ ಹೋಟೆಲ್ ಕೆಲಸದ ಹುಡುಗನಿಗೆ ಅರಿಸ್ಟಾಟಲನೇ ಸರಿ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಅವನಿಗೆ ಹೇಳಿದವರು ಬೇಕಾದಷ್ಟು ಜನ ಆಗಲೇ ಇದ್ದಾರೆ.

ಅರಿಸ್ಟಾಟಲನ ದಾರಿಗೆ ಐದು ಪ್ರಶ್ನೆ: ಸರಿಯಾದ ವ್ಯಕ್ತಿಯ ಮೇಲೆಯೇ? ಸರಿಯಾದ ಕಾರಣಕ್ಕೇ? ಸರಿಯಾದ ರೀತಿಯಲ್ಲೇ? ಸರಿಯಾದ ಹೊತ್ತಿಗೇ? ಎಷ್ಟು ಕಾಲ? ಸಾಹೇಬರ ಮೇಲಿನ ಸಿಟ್ಟು ಮಗುವಿನ ಹೋಂವರ್ಕ್ ಮೇಲೆ ಇಳಿದರೆ ಮೊದಲ ಪ್ರಶ್ನೆಯಲ್ಲೇ ಫೇಲು. ಕಾರಣ ಸರಿ, ವ್ಯಕ್ತಿ ಸರಿ, ಆದರೆ ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಎಲ್ಲರ ಮುಂದೆ ಕಿರುಚಿದರೆ ಮೂರನೆಯದರಲ್ಲಿ. ಎರಡು ವರ್ಷದ ಹಿಂದಿನ ಪಾರ್ಕಿಂಗ್ ಜಗಳವನ್ನು ಇನ್ನೂ ಎದೆಯಲ್ಲಿಟ್ಟುಕೊಂಡಿದ್ದರೆ ಐದನೆಯದರಲ್ಲಿ.

ಸೆನೆಕಾನ ದಾರಿಯಲ್ಲಿ ಮುಖ್ಯ ಮದ್ದು ತಡ. ಸಿಟ್ಟನ್ನು ಮೊದಲಿಗೇ ಕ್ಷಮಿಸು ಎಂದು ಕೇಳಬೇಡ, ವಿಚಾರ ಮಾಡು ಎಂದಷ್ಟೇ ಕೇಳು ಎನ್ನುತ್ತಾನೆ, ಅದೇ ಗ್ರಂಥದ 2ನೇ ಪುಸ್ತಕದ 29ನೇ ಅಧ್ಯಾಯದಲ್ಲಿ. ಎಷ್ಟು ತಡ? ಅಥೆನೊಡೊರಸ್ ಎಂಬ, ಸೆನೆಕಾನದೇ ಸ್ತೋಯಿಕ್ ಪಂಥದ ಗುರು ಚಕ್ರವರ್ತಿ ಅಗಸ್ಟಸ್‌ಗೆ, ಸಿಟ್ಟು ಬಂದಾಗ ಏನನ್ನೂ ಆಡುವ, ಮಾಡುವ ಮೊದಲು ಗ್ರೀಕ್ ವರ್ಣಮಾಲೆಯ 24 ಅಕ್ಷರಗಳನ್ನು ಮನಸ್ಸಿನಲ್ಲೇ ಹೇಳಿಕೋ ಎಂದನೆಂದು ಪ್ಲುಟಾರ್ಕ್ ಬರೆದಿದ್ದಾನೆ. ನಮ್ಮ ವರ್ಣಮಾಲೆಯಲ್ಲಿ 49. ಚಕ್ರವರ್ತಿಗಿಂತ ಇಮ್ಮಡಿ ತಾಳ್ಮೆ ಕನ್ನಡಿಗರಿಗೆ ಪುಕ್ಕಟೆ ಸಿಗುತ್ತದೆ. ಅ ಆ ಇ ಈ ಎಂದು ಶುರುಮಾಡಿ ಙ, ಞ ಬಿಡದೆ ಳಕಾರದವರೆಗೆ ನಿಧಾನ ಹೇಳಿದರೆ ಅರ್ಧ ನಿಮಿಷದ ಮೇಲಾಗುತ್ತದೆ. ಎದುರಾಎದುರಿನ ಜಗಳಕ್ಕೆ ಅಷ್ಟು ಸಾಕು.

ವಾಟ್ಸಾಪ್ ಗುಂಪಿನ ಜಗಳಕ್ಕೆ ಸಾಲದು, ಅಲ್ಲಿ ಒಂದು ರಾತ್ರಿ ಬೇಕು. ಉತ್ತರವನ್ನು ಗುಂಪಿನ ಪೆಟ್ಟಿಗೆಯಲ್ಲಿ ಬೆರಳಚ್ಚು ಮಾಡಲೇಬೇಡಿ. ಬೆರಳು ತಪ್ಪಿ ಹೋಗಿಬಿಡುತ್ತದೆ, ಅಳಿಸುವಷ್ಟರಲ್ಲಿ ಒಬ್ಬರು ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಫೋನಿನ ನೋಟ್ಸ್‌ನಲ್ಲಿ ಅಥವಾ ಕಾಗದದ ಮೇಲೆ ಬರೆದಿಡಿ. ಬೆಳಗ್ಗೆ ಎದ್ದು ಗಟ್ಟಿಯಾಗಿ ಓದಿ. ಗುಣವಾಚಕಗಳನ್ನೆಲ್ಲ ಹೊಡೆದುಹಾಕಿ: ‘ಬೇಜವಾಬ್ದಾರಿ’, ‘ನಾಚಿಕೆಗೆಟ್ಟ’, ‘ಯಾವಾಗಲೂ’. ಉಳಿದದ್ದರಲ್ಲಿ ಒಂದು ಬೇಡಿಕೆ, ಒಂದು ತಾರೀಕು ಇದ್ದರೆ ಕಳಿಸಿ. ಏನೂ ಉಳಿಯಲಿಲ್ಲವೆಂದರೆ ಕಳಿಸಬೇಕಾದ್ದೂ ಇರಲಿಲ್ಲ. ‘ತನಗೆ ಮುನಿವವರಿಗೆ ತಾ ಮುನಿಯಲೇಕಯ್ಯಾ’ ಎಂದ ಬಸವಣ್ಣ ಮುಂದೆ ಕೊಟ್ಟದ್ದು ನಷ್ಟದ ಲೆಕ್ಕವನ್ನೇ: ‘ತನುವಿನ ಕೋಪ ತನ್ನ ಹಿರಿಯತನದ ಕೇಡು, ಮನದ ಕೋಪ ತನ್ನ ಅರಿವಿನ ಕೇಡು.’ ನಷ್ಟವೆಲ್ಲ ಸಿಟ್ಟಾದವರ ಖಾತೆಗೇ.

ಪ್ರಗತಿ ಅಳೆಯುವುದು ಹೇಗೆ ಎಂಬುದಕ್ಕೆ ಎಪಿಕ್ಟೀಟಸ್‌ನ ಪ್ರವಚನಗಳ 2ನೇ ಪುಸ್ತಕದ 18ನೇ ಅಧ್ಯಾಯ ನೋಡಿ. ದಿನಾ ಸಿಟ್ಟಾಗುತ್ತಿದ್ದೆ, ಈಗ ದಿನ ಬಿಟ್ಟು ದಿನ, ಆಮೇಲೆ ಎರಡು ದಿನ ಬಿಟ್ಟು, ಮೂರು ದಿನ ಬಿಟ್ಟು. ಮೂವತ್ತು ದಿನ ತಪ್ಪಿಸಿದೆಯೋ, ದೇವರಿಗೆ ಪೂಜೆ ಕೊಡು. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಸಿಟ್ಟಾದ ದಿನಕ್ಕೆ ಪೆನ್ಸಿಲ್ ಚುಕ್ಕೆ ಇಡಿ, ಚುಕ್ಕೆಗಳ ನಡುವಿನ ಖಾಲಿ ಮನೆಗಳನ್ನು ಎಣಿಸಿ. ಶುರುಮಾಡುವ ಮೊದಲೇ ಯಾವುದು ಸಿಟ್ಟು ಎಂದು ತೀರ್ಮಾನವಾಗಿರಬೇಕು: ದನಿ ಏರಿದರೆ, ಬಾಗಿಲು ಬಡಿದರೆ, ಮಾತು ಬಿಟ್ಟರೆ ಚುಕ್ಕೆ, ಒಳಗೇ ಕುದಿದು ತಣ್ಣಗಾದರೆ ಚುಕ್ಕೆಯಿಲ್ಲ. ಹೀಗೆ ಗೆರೆ ಎಳೆಯದಿದ್ದರೆ ವಾರದೊಳಗೆ ವಕೀಲಿಕೆ ಶುರುವಾಗುತ್ತದೆ. ಚುಕ್ಕೆ ಬಿದ್ದ ದಿನ ಹಿಂದಿನ ಖಾಲಿ ಮನೆಗಳು ಅಳಿಸಿಹೋಗುವುದಿಲ್ಲ. ನೋಡಬೇಕಾದ್ದು ಅಂತರ ಬೆಳೆಯುತ್ತಿದೆಯೇ ಎಂದು. ಪೆನ್ಸಿಲ್ ನಿಮ್ಮ ಕೈಯಲ್ಲೇ ಇರಲಿ. ಹೆಂಡತಿಯ ಅಥವಾ ಗಂಡನ ಕೈಗೆ ಕೊಟ್ಟರೆ ಚುಕ್ಕೆಯ ಬಗ್ಗೆಯೇ ಹೊಸ ಜಗಳ.

ರಾತ್ರಿಯ ಆತ್ಮಪರೀಕ್ಷೆಯೂ ಬಹಳ ಹಳೆಯದು. ಪೈಥಾಗೊರಸ್ ಪಂಥದ ಸ್ವರ್ಣಪದ್ಯಗಳಲ್ಲಿ ನಿದ್ದೆಗೆ ಮುನ್ನ ದಿನವನ್ನು ಮೂರು ಸಲ ತಿರುವಿ ನೋಡು ಎಂದಿದೆ. ಪ್ರಶ್ನೆಯೂ ಮೂರು: ಎಲ್ಲಿ ತಪ್ಪಿದೆ, ಏನು ಮಾಡಿದೆ, ಮಾಡಬೇಕಾದ್ದು ಏನು ಬಿಟ್ಟುಹೋಯಿತು. ಸೆನೆಕಾ ಇದನ್ನು ಸೆಕ್ಸ್ಟಿಯಸ್ ಎಂಬವನಿಂದ ಕಲಿತ. ದೀಪ ಆರಿಸಿ, ತನ್ನ ರೂಢಿ ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ ದಿನವನ್ನೆಲ್ಲ ಪರೀಕ್ಷಿಸುತ್ತಿದ್ದೆ ಎಂದು ಬರೆದಿದ್ದಾನೆ. ಜೈನರ ಪ್ರತಿಕ್ರಮಣ ಸಂಜೆ ಮತ್ತು ಬೆಳಗ್ಗೆ ಎರಡೂ ಹೊತ್ತು ನಡೆಯುತ್ತದೆ. ಒಂದೇ ಖೋಲಿಯಲ್ಲಿ ಐದು ಜನ ಮಲಗುವ ಮನೆಯಲ್ಲಿ ದೀಪ ಆರಿಸಿ ಏಕಾಂತ ಎನ್ನುವುದು ಕಷ್ಟ. ಅಡುಗೆಕಟ್ಟೆಯ ಬಳಿ ನಿಂತು ಬರೆದರೂ ಆಗುತ್ತದೆ. ನೂರು ಪುಟದ ಸಣ್ಣ ವಹಿ, ಐದು ನಿಮಿಷ, ಆರು ಸಾಲಿಗಿಂತ ಹೆಚ್ಚಿಲ್ಲ. ಫೋನಿನಲ್ಲಿ ಬೇಡ, ಬರೆಯಲು ತೆರೆದವರು ಕ್ರಿಕೆಟ್ ಸ್ಕೋರಿಗೆ ಹೋಗಿಬಿಡುತ್ತಾರೆ. ಪಾಳಿ ಕೆಲಸದವರು ಯಾವ ಹೊತ್ತಿಗೆ ಮಲಗುತ್ತಾರೋ ಅದಕ್ಕೆ ಮುಂಚೆ. ಮಾದರಿಗೆ ಒಂದು ಪುಟ ಹೀಗಿರಬಹುದು:

‘ತಪ್ಪಿದ್ದು: ಚಹಾ ತಣ್ಣಗಿದೆ ಎಂದು ಕ್ಯಾಂಟೀನ್ ಹುಡುಗನಿಗೆ ಗದರಿದ್ದು. ಮಾಡಿದ್ದು: ಅತ್ತೆಯ ಬಿಪಿ ಮಾತ್ರೆ ತಂದದ್ದು, ಬ್ಯಾಂಕಿನ ಕೆವೈಸಿ ಫಾರಂ ತುಂಬಿದ್ದು. ಬಿಟ್ಟದ್ದು: ಊರಿಗೆ ಫೋನ್, ಮೂರು ದಿನವಾಯಿತು. ನಾಳೆ: ಚಹಾ ಕೈಗೆ ಬಂದಾಗ ಮೊದಲು ಹುಡುಗನ ಹೆಸರು ಕೇಳುವುದು.’

ಇಲ್ಲಿ ‘ಅಹಂಕಾರ ಹೆಚ್ಚಾಯಿತು’, ‘ಮನಸ್ಸು ಚಂಚಲ’ ಎಂಬ ಒಂದು ಮಾತೂ ಇಲ್ಲ ಎಂಬುದನ್ನು ಗಮನಿಸಿ. ಅಂಥ ಸಾಲಿನಿಂದ ನಾಳೆ ಮಾಡಲು ಏನೂ ಸಿಗುವುದಿಲ್ಲ. ಇನ್ನೊಬ್ಬರ ತಪ್ಪು ಬರೆಯಲು ಶುರುವಾದರೆ ವಹಿ ಚಾಡಿಪುಸ್ತಕವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದು ತನಗೆ ತಾನೇ ಚಾಟಿ ಹೊಡೆದುಕೊಳ್ಳುವುದು. ಶ್ರದ್ಧಾವಂತರು ಬೀಳುವುದೇ ಈ ಹೊಂಡಕ್ಕೆ. ಸೆನೆಕಾ ತನ್ನ ತಪ್ಪಿಗೆ ಹೇಳಿಕೊಂಡದ್ದು ಎರಡು ಮಾತು: ‘ಇನ್ನು ಹಾಗೆ ಮಾಡಬೇಡ, ಈಗ ಕ್ಷಮಿಸಿದ್ದೇನೆ.’ ಆ ಎರಡನೆಯ ಮಾತನ್ನು ಬಿಡುವಂತಿಲ್ಲ.

ದುಡ್ಡಿನ ವಿಷಯದಲ್ಲಿ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನನ್ನು ಮಜಾ ಉಡಾಯಿಸುವವರ ಗುರು ಎಂದು ತಿಳಿದವರೇ ಹೆಚ್ಚು. ಬ್ರೆಡ್ಡು, ನೀರಿನಲ್ಲಿ ತೃಪ್ತನಾಗಿದ್ದು, ಔತಣ ಬೇಕೆನಿಸಿದಾಗ ಒಂದು ಕುಡಿಕೆ ಚೀಸ್ ಕಳಿಸು ಎಂದು ಗೆಳೆಯನಿಗೆ ಬರೆದ ಮನುಷ್ಯ ಅವನು. ಅವನಲ್ಲಿ ಬಯಕೆ ಮೂರು ಬಗೆ: ಸಹಜವೂ ಅಗತ್ಯವೂ ಆದದ್ದು, ಸಹಜ ಆದರೆ ಅಗತ್ಯವಲ್ಲದ್ದು, ಎರಡೂ ಅಲ್ಲದ್ದು. ಅಗತ್ಯದಲ್ಲೂ ಮೂರು: ಜೀವಕ್ಕೆ, ಮೈಯ ನೆಮ್ಮದಿಗೆ, ಸಂತೋಷಕ್ಕೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದು ಒಂದೇ ಕೋಣೆಯ ಮನೆಯಲ್ಲಿ ಹೆಣಗುವವರಿಗೆ ಇನ್ನೊಂದು ಕೋಣೆ ಮೈಯ ನೆಮ್ಮದಿಯ ಲೆಕ್ಕಕ್ಕೆ ಸೇರುತ್ತದೆ. ಅದನ್ನು ದುರಾಸೆ ಎನ್ನಲಾಗದು. ಕೆಲಸ ಮಾಡುತ್ತಿರುವ ಫೋನನ್ನು ಕಂತಿನಲ್ಲಿ ಬದಲಿಸುವುದು ಮೂರನೆಯ ಬಗೆ. ಕೊಳ್ಳುವ ಮೊದಲು ಅವನು ಕೇಳಿಸುವ ಪ್ರಶ್ನೆ: ಈ ಬಯಕೆ ಈಡೇರಿದರೆ ನನಗೇನಾಗುತ್ತದೆ, ಈಡೇರದಿದ್ದರೆ ಏನಾಗುತ್ತದೆ? ಎರಡಕ್ಕೂ ಉತ್ತರ ಬರೆದು ಸಾಮಾನನ್ನು ಆನ್‌ಲೈನ್ ಬುಟ್ಟಿಯಲ್ಲೇ ಒಂದು ದಿನ ಬಿಡಿ. ಎರಡನೆಯ ಉತ್ತರ ‘ಏನೂ ಆಗುವುದಿಲ್ಲ’ ಎಂದಿದ್ದರೆ ತೆಗೆದುಹಾಕಿ. ದಿನನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನಿಗೆ ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳಿದ ಆಯ್ದಕ್ಕಿ ಲಕ್ಕಮ್ಮನದೂ ಇದೇ ಪ್ರಶ್ನೆ, ಇನ್ನೂ ಖಾರವಾಗಿ.

ಸೆನೆಕಾನ 18ನೇ ಪತ್ರದಲ್ಲಿ ಇನ್ನೊಂದು ಪ್ರಯೋಗವಿದೆ. ಊರೆಲ್ಲ ಹಬ್ಬದ ಗುಂಗಿನಲ್ಲಿದ್ದ ಡಿಸೆಂಬರಿನಲ್ಲಿ ಗೆಳೆಯ ಲ್ಯುಸಿಲಿಯಸ್‌ಗೆ ಬರೆದದ್ದು: ಮೂರು ನಾಲ್ಕು ದಿನ ಅತಿ ಕಡಿಮೆಯ, ಅತಿ ಅಗ್ಗದ ಊಟ, ಒರಟು ಬಟ್ಟೆ, ಆಮೇಲೆ ಕೇಳಿಕೋ, ನಾನು ಹೆದರುತ್ತಿದ್ದದ್ದು ಇದಕ್ಕೇನಾ? ನಮ್ಮಲ್ಲಿ ಇದನ್ನು ತಿಂಗಳ ಕೊನೆಯ ವಾರದಲ್ಲಿ ಇಟ್ಟುಕೊಳ್ಳಬಹುದು. ಮೂರು ದಿನ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ, ಹೊರಗಿನಿಂದ ತರಿಸುವುದಿಲ್ಲ, ರಿಕ್ಷಾ ಬದಲು ಬಸ್ಸು ಅಥವಾ ಕಾಲು. ಕೆಲಸ ಹೋದೀತು ಎಂಬ ಭಯದಲ್ಲಿ ದಿನ ದೂಡುವವರಿಗೆ ಇದು ಬಹಳ ಉಪಯೋಗ, ಏಕೆಂದರೆ ಭಯಕ್ಕೆ ರೂಪಾಯಿಯ ಅಳತೆ ಸಿಗುತ್ತದೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಮಾತ್ರೆಯ ಮೇಲಿರುವವರು ಊಟ ಬದಲಿಸಬಾರದು, ಖರ್ಚಿನ ಭಾಗ ಮಾತ್ರ ಮಾಡಲಿ. ಮಕ್ಕಳ ಮೇಲೆ ಹೇರಬೇಡಿ. ಸ್ಟೇಟಸ್‌ಗೆ ಗಂಜಿಯ ಫೋಟೊ ಹಾಕಿದರೆ ಪ್ರಯೋಗ ಅಲ್ಲಿಗೆ ಮುಗಿಯಿತು. ಸೆನೆಕಾನೇ ಎಚ್ಚರಿಸಿದ್ದಾನೆ, ದೊಡ್ಡದೇನೋ ಮಾಡಿದೆ ಎಂದುಕೊಳ್ಳಬೇಡ, ಸಾವಿರಾರು ಗುಲಾಮರು, ಬಡವರು ದಿನಾ ಇದನ್ನೇ ಮಾಡುತ್ತಿದ್ದಾರೆ.

ಗದ್ದಲದ ಬಗ್ಗೆ ಒಂದಿಷ್ಟು. ಸೆನೆಕಾ 56ನೇ ಪತ್ರ ಬರೆಯುವಾಗ ಸ್ನಾನಗೃಹವೊಂದರ ಮೇಲೆ ವಾಸವಿದ್ದ. ಭಾರ ಎತ್ತುವವರ ಏದುಸಿರು, ಮೈ ತಿಕ್ಕುವವನ ಕೈಯ ಚಟಪಟ, ಚೆಂಡಾಟದ ಎಣಿಕೆ, ಕೂದಲು ಕೀಳುವವನ ಕೀಚಲು ದನಿ, ತಿಂಡಿ ಮಾರುವವರ ಕೂಗು, ಎಲ್ಲವನ್ನೂ ಪಟ್ಟಿ ಮಾಡಿದ್ದಾನೆ. ಮನಸ್ಸು ಒಳಗೆ ಶಾಂತವಿದ್ದರೆ ಹೊರಗಿನ ಸದ್ದು ತಾಗದು ಎಂದು ವಾದಿಸುತ್ತಾನೆ. ನಮ್ಮ ಅಕ್ಕ ಮಹಾದೇವಿ ‘ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ’ ಎಂದಳು. ಇದನ್ನು ಹಿಡಿದುಕೊಂಡು, ಗಲ್ಲಿಯ ಧ್ವನಿವರ್ಧಕದ ಬಗ್ಗೆ ದೂರುವವರಿಗೆ ಉಪದೇಶ ಮಾಡುವವರಿದ್ದಾರೆ. ಪತ್ರದ ಕೊನೆಯನ್ನೂ ಅವರು ಓದಲಿ: ಬೇಕಾಗಿ ಯಾಕೆ ಹಿಂಸೆ ಪಡಲಿ ಎಂದು ಸೆನೆಕಾ ಮನೆ ಬದಲಿಸಲು ಹೊರಡುತ್ತಾನೆ! ಅಕ್ಕ ಹೇಳಿದ್ದು ಕೂಡ ಸ್ತುತಿನಿಂದೆಗಳ ಬಗ್ಗೆ, ಡಿಜೆ ಬಗ್ಗೆ ಅಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಸಾಮಾನ್ಯವಾಗಿ ಧ್ವನಿವರ್ಧಕಕ್ಕೆ ನಿಷೇಧ. ಪೊಲೀಸ್ ಠಾಣೆಗೆ ಫೋನ್ ಮಾಡುವುದು ‘ನಮ್ಮ ಕೈಯಲ್ಲಿರುವ’ ಪಟ್ಟಿಗೇ ಸೇರಿದ್ದು. ಮಾರ್ಕೆಟ್ಟಿನ ಹಗಲು ಗದ್ದಲಕ್ಕೆ ಸೆನೆಕಾನ ಮೊದಲರ್ಧ, ನಡುರಾತ್ರಿಯ ಡಿಜೆಗೆ ಕೊನೆಯ ಸಾಲು.

ಪತಂಜಲಿಯ ಯೋಗಸೂತ್ರದ 1.33ನೇ ಸೂತ್ರವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆಂದೇ ಬರೆದಂತಿದೆ. ಸುಖದಲ್ಲಿರುವವರೊಡನೆ ಮೈತ್ರಿ, ದುಃಖದಲ್ಲಿರುವವರಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ ಎಂದರೆ ಸಂತೋಷ, ಅಪುಣ್ಯರಲ್ಲಿ ಉಪೇಕ್ಷೆ. ಭಾವನ ಮಗ ವಿದೇಶಕ್ಕೆ ಹೋದ ಸುದ್ದಿಗೆ ಮೊದಲನೆಯದು, ಸುಳ್ಳು ಸುದ್ದಿ ಹರಡುವ ಸಂಬಂಧಿಕರಿಗೆ ನಾಲ್ಕನೆಯದು. ಅದಲು ಬದಲು ಮಾಡುವುದರಿಂದಲೇ ಅರ್ಧ ತಾಪತ್ರಯ.

ಇವು ಯಾವುವೂ ಚಿಕಿತ್ಸೆಯಲ್ಲ. ವಾರಗಟ್ಟಲೆ ನಿದ್ದೆ ಬಾರದವರು, ಊಟ ಸೇರದವರು, ಬದುಕು ಸಾಕೆನಿಸಿದವರು ವೈದ್ಯರಲ್ಲಿಗೆ ಹೋಗಬೇಕು. ಅವರಿಗೆ ಮುನ್ನೆಣಿಕೆಯೂ ರಾತ್ರಿಯ ವಹಿಯೂ ಗಾಯಕ್ಕೆ ಉಪ್ಪಾಗಬಹುದು. ಉಳಿದವರು ಒಂದು ತಿಂಗಳು ಒಂದೇ ಅಭ್ಯಾಸ ಹಿಡಿಯಲಿ. ಎಲ್ಲವನ್ನೂ ಸೋಮವಾರದಿಂದ ಶುರುಮಾಡಿದವರಲ್ಲಿ ಶುಕ್ರವಾರಕ್ಕೆ ಒಂದೂ ಉಳಿದಿರುವುದಿಲ್ಲ. ದೀರ್ಘಕಾಲ, ನಿರಂತರ, ಆದರದಿಂದ ಎಂದು ಪತಂಜಲಿ 1.14ರಲ್ಲಿ ಮೂರು ಷರತ್ತು ಹಾಕಿದ್ದಾನೆ. ನಮ್ಮವರು ತಪ್ಪುವುದು ಎರಡನೆಯದರಲ್ಲಿ.

ಕೊನೆಯದಾಗಿ ನಗರದ ಕನ್ನಡ ಸಂಘಗಳಿಗೆ ಒಂದು ಸೂಚನೆ. ಎಪಿಕ್ಟೀಟಸ್‌ನ ಕೈಪಿಡಿಯಲ್ಲಿ 53 ಅಧ್ಯಾಯ, ಹಲವು ಅರ್ಧ ಪುಟ ಮೀರುವುದಿಲ್ಲ. ಭಾನುವಾರಕ್ಕೊಂದರಂತೆ ಓದಿದರೆ ವರ್ಷಕ್ಕೆ ಸರಿಹೋಗುತ್ತದೆ. ಆರರಿಂದ ಎಂಟು ಜನ ಸಾಕು, ಹನ್ನೆರಡು ದಾಟಿದರೆ ಭಾಷಣ ಶುರುವಾಗುತ್ತದೆ. ಹತ್ತು ನಿಮಿಷ ಓದು, ಅರ್ಧ ಗಂಟೆ ಮಾತು, ಕೊನೆಗೆ ಪ್ರತಿಯೊಬ್ಬರೂ ವಾರದಲ್ಲಿ ಮಾಡುವ ಒಂದು ಕೆಲಸವನ್ನು ಒಂದು ವಾಕ್ಯದಲ್ಲಿ ಹೇಳುವುದು. ಮುಂದಿನ ವಾರ ಶುರುವಾಗುವುದು ಅದು ಏನಾಯಿತೆಂಬಲ್ಲಿಂದ. ಭಾನುವಾರ ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್ ಇರುವುದರಿಂದ ಒಂದೇ ಲೈನಿನ, ಹತ್ತಿರ ಹತ್ತಿರದ ಸ್ಟೇಷನ್ನಿನ ಜನ ಸೇರುವುದು ಅನುಕೂಲ. ಅಧ್ಯಕ್ಷರು, ಮುಖ್ಯ ಅತಿಥಿ, ಶಾಲು, ಹಾರ, ನೆನಪಿನ ಕಾಣಿಕೆ ಬೇಡವೇ ಬೇಡ. ಚಹಾ ಇರಲಿ.

ಇತಿ ನಿಮ್ಮ,
ತತ್ತ್ವಶಾಸ್ತ್ರದ ಕೆಲವು ಓದುಗರು
ಡೊಂಬಿವಲಿ ಪೂರ್ವ